ಗಾಳಿಕಿಂಡಿಯ ಮೇಲಿನ ವಿಭೂತಿ

ಅಣ್ಣ ತೀರಿಕೊಂಡ ಮೇಲೆ ಪೀಣ್ಯದ ಅವನ ಶೆಡ್ಡನ್ನು ಖಾಲಿ ಮಾಡಿದೆವು. ಕಬ್ಬಿಣ ಕೊರೆಯುವ ಲೇತು, ತಗಡು ಒತ್ತುವ ಪ್ರೆಸ್ಸು ಎಲ್ಲ ಯಾರ್ಯಾರದೋ ಪಾಲಾದವು. ಕಂಪ್ಯೂಟರನ್ನು ಮಾತ್ರ ಕೇಳುವವರಿರಲಿಲ್ಲ. ಅದನ್ನು ಸಿಂಗಸಂದ್ರದ ನನ್ನ ಫ್ಲ್ಯಾಟಿಗೆ ತಂದು ಊಟದ ಮೇಜಿನ ಪಕ್ಕ ಇಟ್ಟು, ಮೇಲೊಂದು ಹಳೆಯ ಪಂಚೆ ಹೊದಿಸಿದೆ. ಆರು ವರ್ಷ ಅದು ಹಾಗೆಯೇ ಇತ್ತು, ಯಾರೋ ಮುಸುಕು ಹಾಕಿಕೊಂಡು ಕೂತ ಹಾಗೆ. ಅದಕ್ಕೆ ಬೆನ್ನು ಮಾಡಿ ನಾನು ಒಂದು ದಿನವೂ ಊಟಕ್ಕೆ ಕೂರಲಿಲ್ಲ. ಮನೆಯವರು ಕೇಳಿದರೆ, ಆ ಕುರ್ಚಿಗೆ ಫ್ಯಾನಿನ ಗಾಳಿ ಬರಲ್ಲ ಎನ್ನುತ್ತಿದ್ದೆ.

ಈ ಸಲದ ಚಳಿಗಾಲದಲ್ಲಿ ಅತ್ತಿಗೆ ಧಾರವಾಡದಿಂದ ಬಂದರು. ಎರಡನೇ ದಿನ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ ಹೇಳಿದರು: “ತಮ್ಮಾ, ನನಗ ಅವರ ದನಿ ಮರತು ಹೊಂಟೈತಿ. ಮುಖ ಕಾಣತೈತಿ. ಬಾಯಿ ತೆಗೀತಾರ, ದನಿನ ಬರಂಗಿಲ್ಲ.”

ಅಣ್ಣ ಯಾರ ಮದುವೆಯ ವೀಡಿಯೊದಲ್ಲೂ ಬಾಯಿ ಬಿಟ್ಟವನಲ್ಲ. ಅವನ ದನಿ ಉಳಿದಿದ್ದರೆ ಈ ಕಂಪ್ಯೂಟರಿನಲ್ಲೇ ಉಳಿದಿರಬೇಕು. ಟೈಪ್ ಮಾಡಲು ಬೇಸರಪಟ್ಟು, ಒಂದೊಂದು ಆರ್ಡರಿನ ಅಳತೆಯನ್ನೂ ಕೆಲಸಗಾರರ ತಪ್ಪನ್ನೂ ಮೈಕಿನಲ್ಲಿ ಹೇಳಿ ಉಳಿಸಿಡುತ್ತಿದ್ದ.

ಪಂಚೆ ತೆಗೆದು ಸ್ವಿಚ್ ಹಾಕಿದೆ. ಎದ್ದು ಕೂರುವುದಕ್ಕೇ ಅದಕ್ಕೆ ಎಂಟು ನಿಮಿಷ ಬೇಕಾಯಿತು. ಒಳಗಿನ ಫ್ಯಾನು ಊಳಿಟ್ಟಿತು. ಒಂಬತ್ತನೇ ನಿಮಿಷಕ್ಕೆ ಪರದೆ ಕಪ್ಪಾಯಿತು. ಆರಲು ಬಿಟ್ಟು ಮತ್ತೆ ಹಾಕಿದೆ, ಮತ್ತೆ ಅದೇ. ಟೇಬಲ್ ಫ್ಯಾನ್ ಎದುರಿಗಿಟ್ಟೆ. ತಟ್ಟೆಯ ತುಂಬ ಐಸ್ ಇಟ್ಟೆ. ನೆಲ ಒದ್ದೆಯಾಯಿತು, ಶಾಕ್ ಹೊಡೆಯುತ್ತದೆಂದು ಹೆದರಿ ನಾನೇ ಕುರ್ಚಿಯ ಮೇಲೆ ಕಾಲೆತ್ತಿ ಕೂತೆ. ಪರದೆ ಬೆಳಗಿದಾಗಲೆಲ್ಲ ಅತ್ತಿಗೆ ಮುಂದೆ ಬಾಗುತ್ತಿದ್ದರು.

ಒಂದು ಸಲ ಅದು ಆರಿಹೋದಾಗ, “ಅವರು ಹೋದ್ರೇನು?” ಎಂದರು.

ನಾನು ಮತ್ತೆ ಸ್ವಿಚ್ ಹಾಕಿದೆ.

ಅದು ಹೀಗೆ ಆರುವ ಕಾರಣ ನನಗೆ ಗೊತ್ತಿತ್ತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಯಂತ್ರಗಳ ಕೈಪಿಡಿ ಬರೆಯುವುದೇ ನನ್ನ ಕೆಲಸ. ‘ಗಾಳಿಕಿಂಡಿಗಳನ್ನು ಮುಚ್ಚಬೇಡಿ’ ಎಂದು ಎಷ್ಟು ಸಲ ಬರೆದಿದ್ದೇನೋ. ಇಲ್ಲಿ ಗಾಳಿಕಿಂಡಿ ಮುಚ್ಚಿದ್ದು ವಿಭೂತಿ. ಆಯುಧಪೂಜೆಯ ದಿನ ಅಣ್ಣ ಲೇತಿಗೆ, ಪ್ರೆಸ್ಸಿಗೆ ಹಚ್ಚಿದ ಮೇಲೆ ವಿಭೂತಿಯನ್ನು ನೀರಿನಲ್ಲಿ ಕಲಸಿ ಕಂಪ್ಯೂಟರಿಗೂ ಮೂರು ಬೆರಳು ಎಳೆಯುತ್ತಿದ್ದ, ಹಣೆಯಿಂದ ಕಿವಿಯವರೆಗೆ ಎಳೆದಂತೆ, ಪೆಟ್ಟಿಗೆಯ ಎದುರಿನಿಂದ ಅದರ ಪಕ್ಕದ ಬಾಗಿಲಿನ ತನಕ. ಹಳೆಯದನ್ನು ಒರೆಸಬಾರದು, ಅದರ ಮೇಲೆಯೇ ಹೊಸದು. ವರ್ಷ ವರ್ಷ ಸೇರಿ ಅದು ಗಾರೆಯಾಗಿತ್ತು. ಅವನ ನಡುಬೆರಳಿನ ತುದಿಯನ್ನು ಹಿಂದೊಮ್ಮೆ ಪ್ರೆಸ್ಸು ತಿಂದಿತ್ತು. ಹಾಗಾಗಿ ನಡುವಿನ ಗೆರೆ ಮೋಟು. ಅದನ್ನು ನೋಡಿದರೆ ಅವನ ಕೈಯನ್ನೇ ನೋಡಿದ ಹಾಗೆ. ಬಾಗಿಲು ತೆಗೆಯಬೇಕೆಂದರೆ ಆ ಕೈಯನ್ನು ಒಡೆಯಬೇಕು.

ಭಾನುವಾರ ಬೆಳಗ್ಗೆ ರಿಪೇರಿಯವನು ಬಂದು ಕಣ್ಣರಳಿಸಿದ.

“ಇದೇನ್ ಸಾರ್, ಗೋಡೆಗೆ ಪುಟ್ಟಿ ಹೊಡ್ದಂಗ್ ಹೊಡ್ದಿದೀರ! ಪಾಪ, ಉಸ್ರಾಡೋದ್ ಎಲ್ಲಿಂದ?”

“ಅದನ್ನ ಮುಟ್ಬೇಡಿ. ಹಿಂದ್ಗಡೆಯಿಂದ ಏನಾದ್ರೂ ಆಗತ್ತಾ?”

“ಬಾಗ್ಲು ತೆಗೀದೆ ಒಳಗೋಗಕ್ಕೆ ನಾನೇನ್ ದೆವ್ವಾನಾ ಸಾರ್?”

“ಡಿಸ್ಕ್ ಒಂದನ್ನ ತೆಗೆದು ಬೇರೆ ಕಡೆ ಹಾಕಿದ್ರೆ?”

“ಅದೂ ಒಳ್ಗೇ ಇರೋದು.”

“ಇವತ್ತು ಅಮಾವಾಸ್ಯೆ ಬೇರೆ…”

“ಅಮಾವಾಸ್ಯೆ ನೆನ್ನೇನೇ ಮುಗೀತು ಸಾರ್.”

ನಾನು ಇನ್ನೊಂದು ನೆಪ ಹುಡುಕುವಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಒದ್ದೆ ಬಟ್ಟೆ ಹಿಡಿದು ಬಂದರು.

“ಬೆರಳು ನೋಡಿದ್ದು ಸಾಕು ತಮ್ಮಾ. ಮಾತು ಕೇಳೂಣು.”

ಮೊದಲು ಮೋಟು ಗೆರೆಯನ್ನೇ ಒರೆಸಿದರು. ಬಿಳಿ ನೀರು ಮೊಣಕೈವರೆಗೆ ಇಳಿಯಿತು. ಅಂಗೈಗೆ ಅಂಟಿದ್ದನ್ನು ಯೋಚಿಸದೆ ಹಣೆಗೆ ಹಚ್ಚಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಒಳಗೆ, ಫ್ಯಾನಿನ ರೆಕ್ಕೆಗಳ ಮೇಲೆ ಬೂದಿ, ಕಬ್ಬಿಣದ ಪುಡಿ, ಎಣ್ಣೆ ಸೇರಿ ಕಂಬಳಿಯಷ್ಟು ದಪ್ಪ ಕಟ್ಟಿತ್ತು. ರಿಪೇರಿಯವನು ಬಾಲ್ಕನಿಗೆ ಒಯ್ದು ಬ್ಲೋಯರ್ ಹಿಡಿದ. ಬೂದುಬಣ್ಣದ ಮೋಡವೊಂದು ಎದ್ದು, ಹೊರಗೆ ಹೋಗುವ ಬದಲು ಮನೆಯೊಳಕ್ಕೇ ತಿರುಗಿತು. ಹಾಲಿನ ತುಂಬ ಶೆಡ್ಡಿನ ವಾಸನೆ, ಸುಟ್ಟ ಎಣ್ಣೆ, ಕೊರೆದ ಕಬ್ಬಿಣ. ಯಾರೋ ಕೆಲಸ ಮುಗಿಸಿ ಆಗಷ್ಟೇ ಚಪ್ಪಲಿ ಬಿಟ್ಟು ಒಳಗೆ ಬಂದಂತಿತ್ತು. ಅತ್ತಿಗೆ ಸೆರಗು ಸರಿಮಾಡಿಕೊಂಡರು.

ಪ್ರೊಸೆಸರ್ ಚಿಪ್ ಮೇಲೆ ಶಾಖ ಎಳೆಯುವ ಹೊಸ ಪೇಸ್ಟ್ ಹಚ್ಚಿ, ಸ್ವಿಚ್ ಹಾಕಿಕೊಟ್ಟು ಅವನು ಹೊರಟ. ನನ್ನ ಕಣ್ಣು ಗಡಿಯಾರದ ಮೇಲೆ. ಒಂಬತ್ತು ನಿಮಿಷವಾಯಿತು. ಹತ್ತಾಯಿತು. ಸಿಕ್ಕಿದ ಫೈಲೊಂದನ್ನು ಒತ್ತಿದೆ.

ಮೊದಲು ಲೇತಿನ ಕಿರುಚು. ಆಮೇಲೆ, ತೀರ ಹತ್ತಿರದಿಂದ: “ಏ, ಆ ಬುಷ್ ಮತ್ತೊಮ್ಮೆ ಅಳೀರಿ. ಕಣ್ಣು ಮನ್ಯಾಗ ಬಿಟ್ಟು ಬಂದೀರೇನು?” ಅಷ್ಟರಲ್ಲಿ ಕೆಮ್ಮು. ಒಂದಲ್ಲ, ಎರಡಲ್ಲ, ಮುಗಿಯದ ಕೆಮ್ಮು.

ಅತ್ತಿಗೆ ಸ್ಪೀಕರಿಗೆ ಮುಖ ಹತ್ತಿರ ತಂದರು.

“ಬಿಸಿನೀರು ಕುಡೀರಿ ಅಂದ್ರ ಕೇಳಂಗಿಲ್ಲ ನೀವು.”

ಅಣ್ಣ ಕೆಮ್ಮು ನಿಲ್ಲಿಸಿ ಅಳತೆ ಹೇಳಿ ಮುಗಿಸಿದ. ಅತ್ತಿಗೆ ಉತ್ತರಕ್ಕೆ ಕಾಯುವವರ ಹಾಗೆ ಬಾಗಿಯೇ ಇದ್ದರು. “ಇನ್ನೊಂದು ಹಚ್ಚು ತಮ್ಮಾ,” ಎಂದರು. “ಸಿಟ್ಟಿಲ್ಲದ್ದು ಇದ್ರ ನೋಡು.”

ಫೈಲುಗಳಿಗೆ ಬರೀ ಆರ್ಡರಿನ ಸಂಖ್ಯೆಗಳೇ ಹೆಸರು. ಯಾವುದರಲ್ಲಿ ಸಿಟ್ಟಿಲ್ಲವೆಂದು ತಿಳಿಯುವುದು ಹೇಗೆ? ಮುಂದಿನದನ್ನು ಒತ್ತಿದೆ.