ಪದ್ಮಮ್ಮ ಇರುವೆಯ ಬೆನ್ನು ಹತ್ತಿದ್ದು

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಯಾವ ಕನ್ನಡದವರ ಮನೆಯಲ್ಲಿ ಬೇಳೆಗೆ ಹುಳ ಬಿದ್ದರೂ, ರವೆಗೆ ನುಸಿ ಹತ್ತಿದರೂ ಮೊದಲ ಫೋನು ಬರುವುದು ಪದ್ಮಮ್ಮನಿಗೆ. ನಂಜನಗೂಡಿನ ಕಡೆಯ ಹೆಣ್ಣುಮಗಳು. ಓದಿದ್ದು ಏಳನೇ ಕ್ಲಾಸು, ಹಿಡಿದದ್ದು ಉಡದ ಪಟ್ಟು. ಮಗ ಮನೋಹರನ ಮನೆಗೆ ಬಂದು ಹನ್ನೆರಡು ವರ್ಷವಾದರೂ ಕಾರು ಓಡಿಸಲು ಕಲಿಯಲಿಲ್ಲ, ಉಳಿದದ್ದನ್ನೆಲ್ಲ ಪಳಗಿಸಿಕೊಂಡಳು.

ಅಂಥವಳ ಅಡಿಗೆಮನೆಗೇ ಈ ಜುಲೈನಲ್ಲಿ ಇರುವೆ ನುಗ್ಗಿತು. ಎರಡು ವಾರದಿಂದ ಮಳೆಯ ಹನಿಯಿಲ್ಲ. ತೊಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿಗೆ ಲಾನಿನ ಹುಲ್ಲು ತೆಂಗಿನ ನಾರಾಗಿತ್ತು.

ಮಂಗಳವಾರ ಸಂಜೆ ಆಸ್ಪತ್ರೆಯಿಂದ ಬಂದ ಡಾಕ್ಟರು ಸೊಸೆ ಸುಚೇತಾ, "ಅತ್ತೆ, ಶುಕ್ರವಾರ ಹತ್ತು ಗಂಟೆಗೆ ಇರುವೆ ಔಷಧಿ ಹೊಡೆಯೋ ಸ್ಪ್ರೇಯವರನ್ನ ಬುಕ್ ಮಾಡಿದೀನಿ" ಎಂದಳು.

"ಅದೇ ನೆಲದ ಮೇಲೆ ನಿನ್ನ ಮಗಳು ಸಿಯಾ ತೆವಳ್ತಾಳೆ. ಹತ್ತು ತಿಂಗಳ ಕೂಸು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಡಾಕ್ಟರಮ್ಮನಿಗೆ ನಾನು ಹೇಳ್ಕೊಡಬೇಕಾ?"

"ಒಣಗಿದ ಮೇಲೆ ಏನೂ ಆಗಲ್ಲ ಅಂದ್ರು ಅತ್ತೆ. ನಿನ್ನೆ ಇರುವೆ ಅವಳ ತೊಡೆಗೇ ಕಚ್ಚಿದೆ."

"ನೀವು ಕಾರ್ಪೆಟ್ ಮೇಲೆಲ್ಲ ಬಿಸ್ಕತ್ತು ಉದುರಿಸಿದ್ರೆ ಕಚ್ಚದೆ ಇನ್ನೇನು? ಶುಕ್ರವಾರ ಬೆಳಿಗ್ಗೆ ಈ ಮನೇಲಿ ಒಂದು ಇರುವೆ ಕಂಡರೂ ನಿನ್ನ ಸ್ಪ್ರೇಯವನಿಗೆ ನಾನೇ ಬಾಗಿಲು ತೆಗೀತೀನಿ."

"ಒಂದು ಕಂಡರೂ?"

"ಒಂದೇ ಒಂದು."

ಬುಧವಾರ ಪದ್ಮಮ್ಮ ಸೆರಗು ಸಿಕ್ಕಿಸಿ ನಿಂತಳು. ಡಬ್ಬಿಗಳನ್ನೆಲ್ಲ ಇಳಿಸಿ, ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಟ್ಟಳು. ಕಟ್ಟೆಗೆ ವಿನೆಗರ್ ಹಚ್ಚಿ ಒರೆಸಿ, ಸಂದುಗಳಿಗೆ ಅರಿಶಿನ ತುಂಬಿದಳು. ಮಧ್ಯಾಹ್ನದ ಹೊತ್ತಿಗೆ ಇರುವೆಗಳು ಅರಿಶಿನಕ್ಕೆ ಸುತ್ತು ಹಾಕಿ ಮತ್ತೆ ಬಂದವು.

ಗುರುವಾರ ಆಕೆ ಯುದ್ಧ ಬಿಟ್ಟು ಬೇಹು ಹಿಡಿದಳು. ಸಿಯಾ ಮಲಗಿದ ಹೊತ್ತಿನಲ್ಲಿ ಸಿಂಕಿನ ಪಕ್ಕ ಸಾಸಿವೆಯಷ್ಟು ಬೆಲ್ಲ ಇಟ್ಟು, ಅದನ್ನು ಹೊತ್ತ ಒಂದು ಇರುವೆಯ ಹಿಂದೆ ಹೊರಟಳು. ಮಂಡಿ ಕಟಕಟ ಅಂದರೂ ಬಿಡಲಿಲ್ಲ. ಇರುವೆ ಫ್ರಿಜ್ಜಿನ ಕೆಳಗೆ ನುಸುಳಿತು, ಕಾರ್ಪೆಟ್ಟಿನ ಅಂಚು ಹಿಡಿಯಿತು, ನೆಟ್ಟಗೆ ಮುಂಬಾಗಿಲಿಗೆ ನಡೆಯಿತು. ಬಾಗಿಲಡಿಯ ರಬ್ಬರು ಪಟ್ಟಿ ಬಿಸಿಲಿಗೆ ಸೀಳಿತ್ತು. ಇರುವೆ ಸೀಳಿನೊಳಗೆ ಮಾಯವಾಯಿತು. ಪದ್ಮಮ್ಮ ಬಾಗಿಲು ತೆಗೆದು ನೋಡಿದಳು.

ಮೆಟ್ಟಿಲ ಮೇಲೆ ಆಕೆಯೇ ಬೆಳಿಗ್ಗೆ ಹಾಕಿದ ರಂಗೋಲಿ. ಅದರ ಎಳೆಎಳೆಯ ಮೇಲೂ ಇರುವೆಗಳ ಸಂತೆ.

ಮೈಸೂರಿನಿಂದ ತಂದ ರಂಗೋಲಿ ಪುಡಿ ಮೇ ತಿಂಗಳಲ್ಲೇ ಮುಗಿದಿತ್ತು. ಅಲ್ಲಿಂದ ದಿನಾ ಅಕ್ಕಿಹಿಟ್ಟಿನಲ್ಲೇ ಹಾಕುತ್ತಿದ್ದಳು. 'ಹೊಸಿಲಾಚೆ ಹೊಟ್ಟೆ ತುಂಬಿದ ಇರುವೆ ಒಳಗೆ ಬರೋಲ್ಲ' ಎಂದು ಅವ್ವ ಕಲಿಸಿದ್ದಳು. ಅವ್ವನ ಮನೆಗೆ ಅಂಗಳವಿತ್ತು, ಜಗಲಿಯಿತ್ತು, ಆಮೇಲೆ ಮೊಳಕಾಲೆತ್ತರದ ಕಲ್ಲಿನ ಹೊಸಿಲು. ಇಲ್ಲಿ ಹಿಟ್ಟಿಗೂ ಕಾರ್ಪೆಟ್ಟಿಗೂ ಒಂದು ಗೇಣು. ಬಾಗಿಲಲ್ಲಿ ಊಟ, ಸೀಳಿನಿಂದ ಸೋರುವ ಏಸಿಯ ತಂಪು. ಯಾವ ನೆಂಟ ತಾನೇ ಹೊರಗೆ ನಿಂತಾನು?

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸೀಳಿಗೆ ಹೊಸ ಪಟ್ಟಿ ಬೇಕು, ಅಂಗಡಿ ನಾಲ್ಕು ಮೈಲಿ. ಅದಲ್ಲದೆ ತಪ್ಪನ್ನು ಬಿಸ್ಕತ್ತಿನ ಮೇಲೆ ಹೊರಿಸಿದ ಮಾತು ಚುಚ್ಚುತ್ತಿತ್ತು. ಸುಚೇತಾಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು.

ಆ ಕಡೆಯಿಂದ ನಗು ಕೇಳಿಸಿತು. "ಹಾಗಾದ್ರೆ ನನ್ನ ಮಗಳ ಬಿಸ್ಕತ್ತು ಬಚಾವು?"

"ಬಚಾವು. ನಗೋದು ಮುಗಿದ ಮೇಲೆ ನಿನ್ನ ಗಂಡನಿಗೆ ಹೇಳು, ಬರ್ತಾ ರಬ್ಬರು ಪಟ್ಟಿ ತರಲಿ."

ಸೋಪಿನ ನೀರಿನಲ್ಲಿ ಮೆಟ್ಟಿಲನ್ನೂ ಇರುವೆ ನಡೆದ ದಾರಿಯನ್ನೂ ಮೂರು ಸಲ ತಿಕ್ಕಿದಳು. ಸಂಜೆ ಮನೋಹರ ಪಟ್ಟಿ ಬಡಿಯುವಾಗ ಪಕ್ಕದಲ್ಲೇ ಕೂತು, ಸಂದಿನಲ್ಲಿ ಬೆಳಕು ಕಂಡಲ್ಲೆಲ್ಲ ಬೆರಳಿಟ್ಟು ತೋರಿಸಿದಳು. ಹಿಟ್ಟು ತಿಂದು ಬೆಳೆದ ಪ್ರಾಣಿಗಳನ್ನು ಒಮ್ಮೆಲೇ ಉಪವಾಸ ಕೆಡವಲು ಮನಸ್ಸು ಬರಲಿಲ್ಲ. ಹಿತ್ತಲ ಕೊನೆಯ ಮೇಪಲ್ ಮರದ ಬುಡದಲ್ಲಿ ಒಂದು ಹಿಡಿ ಅಕ್ಕಿಹಿಟ್ಟು ಹಾಕಿ ಬಂದಳು.

ಶುಕ್ರವಾರ ಒಂಬತ್ತು ಗಂಟೆಗೆ ಸುಚೇತಾ ಟಾರ್ಚ್ ಹಿಡಿದು ಮೂಲೆಮೂಲೆ ಜಾಲಾಡಿದಳು. ಸಿಂಕಿನಡಿ ಇಲ್ಲ, ಫ್ರಿಜ್ಜಿನಡಿ ಇಲ್ಲ, ಕಾರ್ಪೆಟ್ಟಿನ ಅಂಚಿನಲ್ಲೂ ಇಲ್ಲ. ಕೊನೆಗೆ ಟಾರ್ಚಿನ ಬೆಳಕು ಪದ್ಮಮ್ಮನ ಸೀರೆಯ ಅಂಚಿಗೆ ಬಂದು ನಿಂತಿತು. ಅಲ್ಲೊಂದು ಕರಿ ಇರುವೆ ಹತ್ತುತ್ತಿತ್ತು.

"ಮಾತು ಮಾತೇ" ಎಂದು ಪದ್ಮಮ್ಮ ಬಾಗಿಲ ಕಡೆ ತಿರುಗಿದಳು.

"ನಿಲ್ಲಿ ಅತ್ತೆ. ಇದು ಮನೆಗೆ ಬಂದದ್ದಲ್ಲ, ನಿಮ್ಮನ್ನ ಹುಡುಕ್ಕೊಂಡು ಮರದಿಂದ ಬಂದಿದೆ." ಇರುವೆಯನ್ನು ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಟ್ಟ ಸುಚೇತಾ, ಅಲ್ಲೇ ನಿಂತು ಸ್ಪ್ರೇಯವರಿಗೆ ಬೇಡವೆಂದು ಫೋನು ಮಾಡಿದಳು.

ಸಿಯಾ ಆಗಲೇ ಅಡಿಗೆಮನೆಯತ್ತ ತೆವಳುತ್ತಿದ್ದಳು. ಪದ್ಮಮ್ಮ ಒಂದು ಸೀಮೆಸುಣ್ಣ ಹುಡುಕಿ ತಂದು, ಮೆಟ್ಟಿಲ ಮೇಲೆ ಕೂತು ಹಿಟ್ಟಿಲ್ಲದ ರಂಗೋಲಿಯ ಮೊದಲ ಎಳೆ ಎಳೆದಳು.