ಬುತ್ತಿ ಇಲ್ಲದ ಯುದ್ಧ

ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕುವ ಮೊದಲು ಅವರು ಅದನ್ನು ಅಂಗಿಯ ತೋಳಿಗೆ ಒರೆಸುತ್ತಿದ್ದರು. ಫೋರ್ಟ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಅವರು ಹಿರಿಯ ಪ್ರೋಗ್ರಾಮರ್, ಧಾರವಾಡದ ಕಡೆಯವರು. ಊಟದ ಬಿಡುವಿನಲ್ಲಿ ನಾವಿಬ್ಬರೂ ಸರದಿಯಂತೆ ಒಂದು ಯುದ್ಧದ ಆಟ ಆಡುತ್ತಿದ್ದೆವು. ಅದನ್ನು ಕಲಿಸಿ, ನನಗೂ ಒಂದು ಪ್ರತಿ ಮಾಡಿಕೊಟ್ಟವರು ಅವರೇ. ನಾನು ಸೈನ್ಯದ ಹಿಂದೆ ಧಾನ್ಯದ ಗಾಡಿ ಕಳಿಸಲು ಮರೆತರೆ ಮೇಜು ಕುಟ್ಟಿ, “ಮೊದಲ ಬುತ್ತಿ, ಆಮ್ಯಾಲೆ ಯುದ್ಧ!” ಎನ್ನುತ್ತಿದ್ದರು.

ಒಂದು ಶುಕ್ರವಾರ ನಾನು ಅವರ ಧಾನ್ಯದ ದಾರಿಯನ್ನೇ ಕಡಿದೆ. ಅವರ ಸೈನ್ಯ ಹಸಿದು ಚದುರಿಹೋಯಿತು. ಅವರು ಅರ್ಧಕ್ಕೇ ಊಟದ ಡಬ್ಬಿ ಮುಚ್ಚಿದರು.

ಸೋಮವಾರ ಅದೇ ಆಟದ ಎರಡನೆಯ ಭಾಗ ತಂದರು. ಅದರಲ್ಲಿ ಧಾನ್ಯವೂ ಇಲ್ಲ, ಗಾಡಿಯೂ ಇಲ್ಲ. ಹೆಚ್ಚು ಸೈನಿಕರಿದ್ದವರು ಗೆಲ್ಲುತ್ತಾರೆ, ಅಷ್ಟೇ.

“ಹಳೇದನ್ನ ಅಳಿಸಿಬಿಟ್ಟೀನಿ, ತಂಗಿ. ಇದು ಭಾಳ ಹಗುರ ಅದ. ಇನ್ನ ನಿನಗೂ ಆಡ್ಲಿಕ್ಕೆ ಬರ್ತದ.”

“ಬುತ್ತಿ ಎಲ್ಲಿ ಹೋಯ್ತು, ಸರ್?”

“ಅಡಿಗಿ ಚಿಂತಿ ಮನ್ಯಾಗ ಮಾಡು!” ಎಂದು ಎಲ್ಲರಿಗೂ ಕೇಳುವಂತೆ ನಕ್ಕರು.

ನಾನು ಗೆದ್ದ ಆಟವನ್ನು ಅಳಿಸಿ, ಬುದ್ಧಿ ಬೇಡದ ಆಟವನ್ನು ಉಪಕಾರವೆಂಬಂತೆ ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲೇ ಬಂದು, ನನ್ನಲ್ಲಿದ್ದ ಹಳೆಯ ಆಟದ ಪ್ರತಿಯನ್ನು ಹಾಕಿ, ನನ್ನ ನಡೆ ಮುಗಿಸಿ, ಅವರ ಕುರ್ಚಿಯನ್ನು ಪರದೆಯ ಎದುರಿಗೆ ಎಳೆದಿಟ್ಟೆ.