ದೊಡ್ಡಮ್ಮನ ಮೊದಲ ಸೌಟು

ನಮ್ಮ ಬೀದಿಯ ತಿರುವಿನಲ್ಲಿರುವ ದೊಡ್ಡಮ್ಮನ ಹೋಟೆಲಿನಲ್ಲಿ ಯಾವ ಮೇಜಿನ ಮೇಲೂ ಉಪ್ಪಿನ ಡಬ್ಬಿ ಇರುವುದಿಲ್ಲ. ಹೊಸಬರು ಯಾರಾದರೂ ಬಂದು ಕೂತು, ಆ ಕಡೆ ಈ ಕಡೆ ನೋಡಿ, "ಸ್ವಲ್ಪ ಉಪ್ಪು ಕೊಡ್ತೀರಾ?" ಅಂದರೆ ಮುಗಿಯಿತು. ಅಡುಗೆಮನೆಯ ಕಿಟಕಿಯಿಂದ ದೊಡ್ಡಮ್ಮನ ತಲೆ ಹೊರಗೆ ಬರುತ್ತದೆ. "ಮೊದಲು ಒಂದು ತುತ್ತು ಬಾಯಿಗಿಡಿ ಸ್ವಾಮಿ. ಆಮೇಲೆ ಕೇಳಿ." ಆಮೇಲೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಅವರು ನಮ್ಮಲ್ಲಿ ಯಾರಿಗೂ ನಿಜವಾದ ದೊಡ್ಡಮ್ಮ ಅಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಬಟ್ಟೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೊದಲು ಪಾತ್ರೆ ತೊಳೆದು, ಆಮೇಲೆ ತರಕಾರಿ ಹೆಚ್ಚಿ, ಕೊನೆಗೆ ಒಲೆಯ ಮುಂದೆ ನಿಂತವರು. ಕಾರ್ಖಾನೆ ಮುಚ್ಚಿದ ದಿನ ಒಬ್ಬರು ಫ್ಯಾನು, ಒಬ್ಬರು ಕುರ್ಚಿ, ಇನ್ನೊಬ್ಬರು ಗೋಡೆ ಗಡಿಯಾರ ಹೊತ್ತುಕೊಂಡು ಹೋದರಂತೆ. ದೊಡ್ಡಮ್ಮ ತಂದದ್ದು ಉದ್ದ ಹಿಡಿಯ ಒಂದು ಸೌಟು. "ಕದ್ದಿದ್ದಲ್ಲ ಕಣೇ. ಮನೆಗೆ ಬಂದು ನೋಡ್ತೀನಿ, ಕೈಯಲ್ಲೇ ಇದೆ!" ಎಂದು ಅವರು ಹೇಳುವಾಗ ನಗು ಬಾರದೆ ಇರುವುದಿಲ್ಲ.

ಆ ಸೌಟಿನಿಂದಲೇ ಹೋಟೆಲಿನ ದಿನ ಶುರುವಾಗುತ್ತಿತ್ತು. ಬೇಳೆ ಸೂಪು ಕುದಿದ ಮೇಲೆ ದೊಡ್ಡಮ್ಮ ಒಂದು ಸೌಟು ತುಂಬಿಕೊಂಡು ಹಿತ್ತಲ ಮೆಟ್ಟಿಲಿಗೆ ಹೋಗುವರು. ಅಲ್ಲಿ ಕಣ್ಣು ಮುಚ್ಚಿ, ಊದಿ ಊದಿ, ಒಂದು ಗುಟುಕು ಕುಡಿಯುವರು. ಅದು ಸರಿ ಕಂಡರೆ ಒಳಗೆ ಬಂದು ಸೌಟನ್ನು ಹಂಡೆಯ ಅಂಚಿಗೆ ಟಣ್ ಟಣ್ ಎಂದು ಬಡಿಯುವರು. ಆ ಸದ್ದು ಕೇಳಿದ ಮೇಲೆಯೇ ಮುಂಬಾಗಿಲು ತೆರೆಯುತ್ತಿತ್ತು. ಬಾಗಿಲ ಹೊರಗೆ ಕಾಯುತ್ತಿದ್ದ ನಾವು ಸದ್ದು ಕೇಳಿದ ಕೂಡಲೇ ಶಾಲೆ ಬಿಟ್ಟ ಮಕ್ಕಳ ಹಾಗೆ ಒಳಗೆ ನುಗ್ಗುತ್ತಿದ್ದೆವು.

ನಾನು ಅಲ್ಲಿಗೆ ಮೊದಲು ಹೋದದ್ದು ಮಗಳು ಹುಟ್ಟಿ ಕೆಲವು ತಿಂಗಳಾದ ಮೇಲೆ. ಆ ಕಾಲದಲ್ಲಿ ನನಗೆ ಎಲ್ಲದಕ್ಕೂ ಭಯ. ಮಗು ಸೀನಿದರೆ ಭಯ, ಸೀನದಿದ್ದರೆ ಯಾಕೆ ಸೀನಲಿಲ್ಲ ಎಂಬ ಭಯ. ಅದರ ಚಮಚವನ್ನು ಕುದಿಸಿ, ಒರೆಸಿ, ಒರೆಸಿದ ಬಟ್ಟೆ ಶುದ್ಧವಿತ್ತೇ ಎಂಬ ಅನುಮಾನಕ್ಕೆ ಮತ್ತೆ ಕುದಿಸುತ್ತಿದ್ದೆ. "ಚಮಚ ಮೆತ್ತಗಾಗುವವರೆಗೂ ಬೇಯಿಸ್ತೀಯಾ?" ಎಂದು ನಮ್ಮವರು ಕೇಳಿದ್ದರು. ಈ ಗಡಿಬಿಡಿಯಲ್ಲಿ ನಾನು ತಿನ್ನುವ ಹೊತ್ತಿಗೆ ಊಟ ಯಾವಾಗಲೂ ತಣ್ಣಗೆ. ಅದೂ ಒಂದೇ ಕೈಯಲ್ಲಿ, ನಿಂತುಕೊಂಡು.

ಆ ದಿನ ಮಗುವನ್ನು ತೋಳಿನಲ್ಲಿಟ್ಟುಕೊಂಡು ಸೂಪಿನ ಬಟ್ಟಲಿನ ಜೊತೆ ಒದ್ದಾಡುತ್ತಿದ್ದೆ. ದೊಡ್ಡಮ್ಮ ಬಂದು, ಕೇಳದೆ ಹೇಳದೆ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡರು.

"ಕೈ ತೊಳೆದಿದ್ದೀರಾ?" ನನ್ನ ಬಾಯಿಂದ ಬಂದೇಬಿಟ್ಟಿತು.

"ಬೆಳಿಗ್ಗೆಯಿಂದ ಅದೇ ಕೆಲಸ ನಂದು. ಎರಡೂ ಕೈಯಲ್ಲಿ ತಿನ್ನು ನೀನು. ಬಿಸಿ ಆರತ್ತೆ."

ನಾನು ಎರಡೂ ಕೈಯಲ್ಲಿ ಬ್ರೆಡ್ಡು ಮುರಿದು, ಬಿಸಿ ಬಿಸಿ ಸೂಪಿನಲ್ಲಿ ಅದ್ದಿ ತಿಂದೆ. ಕಣ್ಣಲ್ಲಿ ನೀರು ಬಂತು. ಸೂಪು ತುಂಬಾ ಬಿಸಿಯಿತ್ತು ಎಂದು ಈಗಲೂ ಹೇಳುತ್ತೇನೆ.

ಅಂದಿನಿಂದ ಮಧ್ಯಾಹ್ನದ ಊಟ ಅಲ್ಲೇ. ಮಗಳು ಗಂಜಿ ತಿನ್ನುವ ವಯಸ್ಸಿಗೆ ಬಂದಾಗ ಮನೆಯಲ್ಲಿ ನಾನು ಮಾಡಿದ್ದನ್ನೆಲ್ಲ ಉಗಿದಳು. ದೊಡ್ಡಮ್ಮ ಅವಳಿಗೆಂದು ಪುಟ್ಟ ಪಾತ್ರೆಯಲ್ಲಿ ಬೇರೆಯಾಗಿ ಬೇಯಿಸಿ ಕೊಟ್ಟ ತರಕಾರಿ ಗಂಜಿಯನ್ನು ಮಾತ್ರ ಬಟ್ಟಲು ನೆಕ್ಕಿ ತಿಂದಳು. ಅದು ಹೋಟೆಲಿನ ಪಟ್ಟಿಯಲ್ಲಿ ಇಲ್ಲದ ಊಟ. ಯಾಕೆ ಇಷ್ಟು ತೊಂದರೆ ತೆಗೆದುಕೊಳ್ಳುತ್ತೀರಿ ಎಂದರೆ, "ನಿನ್ನ ಮುಖ ನೋಡೋಕಾಗಲ್ಲ, ಅದಕ್ಕೆ" ಎನ್ನುವರು.

ದಿನವೂ ಬರುವವರಲ್ಲಿ ಇನ್ನೂ ಮೂವರಿದ್ದರು. ಪಕ್ಕದ ಅಂಗಡಿಯ ಟೈಲರು, ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದಷ್ಟು ಕಾಲ ದೊಡ್ಡಮ್ಮನ ಕ್ಯಾರಿಯರು ಅಲ್ಲಿಗೆ ಹೋಗಿ ಬರುತ್ತಿತ್ತು. ಎದುರಿನ ಕ್ಲಿನಿಕ್ಕಿನ ನರ್ಸಕ್ಕ, ಅವರು ಯಾವ ಹೊತ್ತಿಗೆ ಓಡಿ ಬಂದರೂ ಒಂದು ತಟ್ಟೆ ಮುಚ್ಚಿಟ್ಟಿರುತ್ತಿತ್ತು. ಮತ್ತೆ ನಿವೃತ್ತ ಪೋಸ್ಟ್‌ಮ್ಯಾನ್ ಅಜ್ಜ. ಈ ಅಜ್ಜ ನನ್ನ ಮಗಳನ್ನು "ಏನಮ್ಮಾ ಕಡ್ಡಿ" ಎಂದು ಕರೆಯುತ್ತಿದ್ದುದರಿಂದ ನನಗೆ ಅವರ ಮೇಲೆ ಒಳಗೊಳಗೇ ಸಿಟ್ಟಿತ್ತು. ತೂಕ ಕಡಿಮೆ ಎಂದು ನಾನೇ ನಿದ್ದೆಗೆಟ್ಟಿರುವಾಗ ಇವರದ್ದೊಂದು ಕಡ್ಡಿ!

ಚಳಿಗಾಲದಲ್ಲಿ ದೊಡ್ಡಮ್ಮನಿಗೆ ಜೋರು ಜ್ವರ, ನೆಗಡಿ ಬಂದು ಹೋಟೆಲು ಕೆಲವು ದಿನ ಮುಚ್ಚಿತ್ತು. ಮತ್ತೆ ತೆರೆದಾಗ ನಮಗೆಲ್ಲ ಹಬ್ಬ. ಟಣ್ ಟಣ್ ಸದ್ದೂ ಬಂತು. ಆದರೆ ಸೂಪಿನಲ್ಲಿ ಉಪ್ಪೇ ಇರಲಿಲ್ಲ.

ಇವತ್ತು ಮರೆತಿರಬೇಕು, ಹುಷಾರಿಲ್ಲದೆ ಎದ್ದವರಲ್ಲವೇ ಎಂದುಕೊಂಡೆ. ಮಾರನೆಯ ದಿನವೂ ಹಾಗೇ. ಆಮೇಲೊಂದು ದಿನ ಬಾಯಿಗಿಡಲಾಗದಷ್ಟು ಉಪ್ಪು. ಮಗುವಿನ ಗಂಜಿ ಮಾತ್ರ ಹೇಗೋ ಸರಿಯಿರುತ್ತಿತ್ತು. ಚಿಟಿಕೆ ಲೆಕ್ಕದ ಅಡುಗೆ, ಕೈಗೆ ಅಭ್ಯಾಸವಾಗಿತ್ತೇನೋ.

ನನಗೆ ನಿಜ ತಿಳಿದದ್ದು ಒಂದು ಮಧ್ಯಾಹ್ನ. ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಅದರ ಹೊಟ್ಟೆಗೆ ಮೂಗು ಉಜ್ಜಿ ಆಡಿಸುತ್ತಿದ್ದರು. ಮಗು ಡೈಪರಿನಲ್ಲಿ ತನ್ನ ಕೆಲಸ ಮುಗಿಸಿತ್ತು. ಎರಡು ಮೇಜಿನಾಚೆ ಕೂತ ಟೈಲರು ಮೂಗಿಗೆ ಕರ್ಚೀಫು ಹಿಡಿದಿದ್ದರು. ದೊಡ್ಡಮ್ಮನಿಗೆ ಗೊತ್ತೇ ಆಗಲಿಲ್ಲ.

ಆ ಸಂಜೆ ನರ್ಸಕ್ಕನನ್ನು ದಾರಿಯಲ್ಲಿ ತಡೆದು ಕೇಳಿದೆ. "ನಂಗೂ ಅನುಮಾನ ಇದೆ," ಎಂದರು. "ಜ್ವರ ಬಂದ ಮೇಲೆ ಕೆಲವರಿಗೆ ಮೂಗು, ನಾಲಿಗೆ ಎರಡೂ ಹೋಗತ್ತೆ. ಎಷ್ಟೋ ಜನಕ್ಕೆ ವಾಪಸ್ ಬರತ್ತೆ, ಆದರೆ ನಿಧಾನ."

"ಹೇಳೋಣ್ವಾ ಅವರಿಗೆ?"

"ನೀನು ಹೇಳ್ತೀಯಾ?"

ನಾನು ಮಗುವಿನ ಟೋಪಿ ಸರಿಮಾಡಿದೆ.

ಯಾರೂ ಹೇಳಲಿಲ್ಲ. ಬದಲಿಗೆ ಒಂದು ವಿಚಿತ್ರ ಶುರುವಾಯಿತು. ಟೈಲರು ದಾರದ ಉಂಡೆಯ ಡಬ್ಬಿಯನ್ನು ಊಟಕ್ಕೂ ತರತೊಡಗಿದರು. ಅಜ್ಜ ಊಟದ ನಡುವೆ ಕನ್ನಡಕದ ಪೆಟ್ಟಿಗೆ ತೆರೆಯುವರು, ಕನ್ನಡಕವೋ ಮೂಗಿನ ಮೇಲೇ ಇರುತ್ತಿತ್ತು. ನರ್ಸಕ್ಕನ ಕೈಯಲ್ಲಿ ಖಾಲಿ ಮಾತ್ರೆ ಬಾಟಲಿ. ಎಲ್ಲದರೊಳಗೂ ಉಪ್ಪು. ದೊಡ್ಡಮ್ಮ ಒಲೆಯ ಕಡೆ ತಿರುಗಿದ ಕೂಡಲೇ ಮೇಜಿನ ಕೆಳಗಿನಿಂದ ಒಂದೊಂದು ಕೈ ಮೇಲೆ ಬಂದು, ಬಟ್ಟಲಿಗೆ ಚಿಮುಕಿಸಿ ಮಾಯ. ಉಪ್ಪು ಜಾಸ್ತಿಯಾದ ದಿನ ನನ್ನ ಫ್ಲಾಸ್ಕಿನ ಬಿಸಿನೀರು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. "ಹೆಂಗಿದೆ?" ಎಂದು ಕಿಟಕಿಯಿಂದ ಕೇಳಿದರೆ ನಾಲ್ಕೂ ಬಾಯಿ ಒಟ್ಟಿಗೆ, "ಸೂಪರ್ ದೊಡ್ಡಮ್ಮಾ!"

ಆದರೆ ಹೊಸಬರ ಜೇಬಿನಲ್ಲಿ ಉಪ್ಪು ಇರುತ್ತದೆಯೇ? ಅವರು ಅರ್ಧ ತಿಂದು ಎದ್ದರು, ಮತ್ತೆ ಬರಲಿಲ್ಲ. ಮೇಜುಗಳು ಖಾಲಿಯಾದವು. ನಾವು ನಾಲ್ವರು ಬೇಕೆಂದೇ ಬೇರೆ ಬೇರೆ ಮೇಜಿನಲ್ಲಿ ಹರಡಿ ಕೂತು ಹೋಟೆಲು ತುಂಬಿದಂತೆ ಕಾಣಿಸಲು ನೋಡುತ್ತಿದ್ದೆವು.

ಅದೇ ನಮ್ಮನ್ನು ಹಿಡಿದುಕೊಟ್ಟಿತು. ಒಂದು ದಿನ ಊಟ ಮುಗಿದು ಟೈಲರು, ಅಜ್ಜ ಚಹಾ ಕುಡಿಯುತ್ತಿದ್ದರು. ನಾನು ಮಗುವಿನ ಬಾಯಿ ಒರೆಸುತ್ತಿದ್ದೆ. ಕಸ ಗುಡಿಸುತ್ತಿದ್ದ ದೊಡ್ಡಮ್ಮ ಟೈಲರ ಕುರ್ಚಿಯ ಹತ್ತಿರ ನಿಂತರು. ಚಪ್ಪಲಿಯ ಕೆಳಗೆ ಏನೋ ಕರಕರ ಅಂದಿತ್ತು. ಅಜ್ಜನ ಮೇಜಿನ ಕೆಳಗೂ ಕರಕರ. ನರ್ಸಕ್ಕ ಎದ್ದುಹೋದ ಜಾಗದಲ್ಲೂ. ಅವರು ಬಗ್ಗಿ ಬೆರಳಿಗೆ ಅಂಟಿಸಿಕೊಂಡು ನೋಡಿದರು. ನಾಲಿಗೆಯ ತುದಿಗೆ ಇಟ್ಟರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಬೆರಳನ್ನು ನನ್ನ ಮುಂದೆ ಹಿಡಿದರು.

"ಇದು ಉಪ್ಪಾ?"

ಇಷ್ಟು ವರ್ಷ ಊರಿಗೆ ಉಣಿಸಿದ ಹೆಂಗಸು ಉಪ್ಪನ್ನು ಹಿಡಿದುಕೊಂಡು ಕೇಳುತ್ತಿದ್ದರು. ನನಗೆ ಸುಳ್ಳು ಹೇಳಲಾಗಲಿಲ್ಲ. "ಹೌದು ದೊಡ್ಡಮ್ಮ."

"ನನ್ನ ಮೇಜಿನ ಮೇಲೆ ಇಲ್ಲದ್ದು ಕೆಳಗೆ ಹೆಂಗೆ ಬಂತು?"

"ಅದು... ಇರುವೆಗೆ ಹಾಕಿದ್ದು," ಎಂದರು ಟೈಲರು.

"ಇರುವೆ ಯಾವತ್ತಿಂದ ಉಪ್ಪು ತಿನ್ನೋಕೆ ಶುರು ಮಾಡ್ತಯ್ಯಾ?" ದೊಡ್ಡಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಹೇಳೋಕೆ ಬಾಯಿ ಇರಲಿಲ್ವಾ ನಿಮಗೆ?"

ಅಜ್ಜ ಚಹಾದ ಲೋಟ ಕೆಳಗಿಟ್ಟರು. "ನನ್ನ ಹಲ್ಲು ಬಿದ್ದಾಗ ನೀನು ಏನಾದ್ರೂ ಹೇಳಿದ್ಯಾ? ಸುಮ್ಮನೆ ಮೆತ್ತಗೆ ಬೇಯಿಸಿ ತಂದಿಟ್ಟೆ. ನಾವೂ ಸುಮ್ಮನೆ ತಿಂದ್ವಿ."

"ಅದು ಬೇರೆ, ಇದು ಬೇರೆ ಅಜ್ಜ. ದಿನಾ ಬೆಳಿಗ್ಗೆ ಆ ಮೆಟ್ಟಿಲ ಮೇಲೆ ನಿಂತು ಬಿಸಿನೀರು ಕುಡಿದಂಗೆ ಕುಡೀತಿದ್ದೆ. ಇವತ್ತು ಬರತ್ತೆ, ನಾಳೆ ಬರತ್ತೆ ಅಂತ. ನೀವು ಚೆನ್ನಾಗಿದೆ ಅಂತಿದ್ರಿ, ಕೈಯಾದ್ರೂ ನೆಟ್ಟಗಿದೆ ಅಂದ್ಕೊಂಡೆ." ಸೌಟನ್ನು ತೊಳೆದು ಮೊಳೆಗೆ ನೇತುಹಾಕಿದರು. "ರುಚಿ ಗೊತ್ತಾಗದವಳು ಇನ್ನೊಬ್ಬರ ಹೊಟ್ಟೆಗೆ ಹಾಕಬಾರದು. ನಾಳೆಯಿಂದ ಬಾಗಿಲು ತೆಗೆಯಲ್ಲ. ಮನೆಗೆ ಹೋಗಿ ಎಲ್ಲ."

ಮಾರನೆಯ ದಿನ ಬಾಗಿಲು ತೆರೆಯಲಿಲ್ಲ. ಟೈಲರು ಬಾಗಿಲು ತಟ್ಟಿದರೆ, "ಸತ್ತಿಲ್ಲ, ಹೋಗು" ಎಂಬ ಉತ್ತರ ಬಂತಂತೆ. ಮನೆಯಲ್ಲಿ ಮಗಳು ನಾನು ಮಾಡಿದ ಗಂಜಿಯನ್ನು ಗೋಡೆಗೆ ಬಳಿದಳು. ಅವಳ ಹಸಿವಿನ ಭಯ ಒಂದು ಕಡೆ, ಆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಕೂತವರ ಭಯ ಇನ್ನೊಂದು ಕಡೆ. ಮಗುವನ್ನು ಎತ್ತಿಕೊಂಡು ಹಿತ್ತಲ ಕಡೆಯಿಂದ ಹೋದೆ.

ಒಲೆ ಉರಿಯುತ್ತಿತ್ತು. ಪುಟ್ಟ ಪಾತ್ರೆಯಲ್ಲಿ ಗಂಜಿ ಬೆಂದಿತ್ತು.

"ದೊಡ್ಡವರು ಎಲ್ಲಾದ್ರೂ ತಿಂತಾರೆ. ಇದು ಎಲ್ಲಿಗೆ ಹೋಗತ್ತೆ?" ಎಂದು ದೊಡ್ಡಮ್ಮ ನನ್ನ ಕಡೆ ನೋಡದೆ ಹೇಳಿದರು. ಚಮಚ ತುಂಬಿಸಿ ಮಗುವಿನ ಬಾಯಿಯ ಹತ್ತಿರ ತಂದರು. ಅಲ್ಲೇ ನಿಲ್ಲಿಸಿದರು. ಮಗು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ದೊಡ್ಡಮ್ಮನ ಕೈ ಮುಂದಕ್ಕೆ ಹೋಗಲಿಲ್ಲ. "ಕೊಡೋಕೆ ಹೆದರಿಕೆ ಆಗ್ತಿದೆ ಕಣೇ."

ಹೆದರಿಕೆ! ಆ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತು. "ಕೊಡಿ ಇಲ್ಲಿ," ಎಂದು ಚಮಚ ತೆಗೆದುಕೊಂಡು ನನ್ನ ಬಾಯಿಗೇ ಇಟ್ಟುಕೊಂಡೆ. ಅಡ್ಡಿಯಿಲ್ಲ, ಚೆನ್ನಾಗಿದೆ ಎಂಬ ಮಾತು ನಾಲಿಗೆ ತುದಿಯವರೆಗೂ ಬಂತು. ಆದರೆ ಇದು ಮಗುವಿನ ಹೊಟ್ಟೆಗೆ ಹೋಗುವುದು.

"ಜಾಸ್ತಿ ಆಗಿದೆ."

"ಏನು?"

"ಉಪ್ಪು. ತುಂಬಾನೇ ಜಾಸ್ತಿ. ಎರಡು ಸಲ ಹಾಕಿದ್ದೀರ ಅನ್ಸತ್ತೆ. ಕ್ಯಾರೆಟ್ಟು ಇನ್ನೂ ಬೇಯಬೇಕು, ಗಂಟಲಿಗೆ ಸಿಕ್ಕಿಕೊಂಡ್ರೆ ಕಷ್ಟ. ಮತ್ತೆ, ಕ್ಷಮಿಸಿ, ತಳ ಸ್ವಲ್ಪ ಹತ್ತಿದೆ."

ದೊಡ್ಡಮ್ಮ ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಮೊಣಕೈಯನ್ನು ಕಟ್ಟೆಗೆ ಊರಿ ನಗತೊಡಗಿದರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಬ್ಬಾ! ಇಷ್ಟು ದಿನ ಆದ ಮೇಲೆ ಒಬ್ಬಳಾದ್ರೂ ನಿಜ ಹೇಳಿದ್ಯಲ್ಲೇ. ನಿನ್ನಂಥ ಅನುಮಾನದ ಪ್ರಾಣಿನೇ ಬೇಕಿತ್ತು ನನಗೆ."

ಇನ್ನೊಂದು ಸಲ ಬೇಯಿಸಿದೆವು. ಅವರು ಚಿಟಿಕೆ ಹಾಕುವರು, ನಾನು ರುಚಿ ನೋಡುವೆ. "ಇನ್ನೊಂಚೂರು." "ಸಾಕಾ?" "ಸಾಕು." ಮಗಳು ಬಟ್ಟಲು ನೆಕ್ಕಿದಳು. ದೊಡ್ಡಮ್ಮ ಸೌಟು ನೇತುಹಾಕಿದ್ದ ಮೊಳೆಯ ಕಡೆ ನೋಡಿದರು. "ನಾಳೆ ಬಾಗಿಲು ತೆಗೆಯೋಕೆ ಮುಂಚೆ ಬರ್ತೀಯಾ? ಆ ಕಳ್ಳರನ್ನೂ ಕರ್ಕೊಂಡು ಬಾ. ಆದರೆ ಒಂದು ಮಾತು. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ಬೇಕು."

ಹೀಗೆ ಮೊದಲ ಸೌಟು ನಮ್ಮ ಕೈಗೆ ಬಂತು. ಹಿತ್ತಲ ಮೆಟ್ಟಿಲ ಮೇಲೆ ನಾವು ಸಾಲಾಗಿ ಕೂರುವೆವು, ಸೌಟಿನಿಂದ ಪುಟ್ಟ ಬಟ್ಟಲುಗಳಿಗೆ ಒಂದೊಂದು ಗುಟುಕು. ಸುಳ್ಳು ಹೇಳಿ ರೂಢಿಯಾದವರಿಗೆ ನಿಜ ಹೇಳುವುದು ಮೊದಲಿಗೆ ಕಷ್ಟವಾಯಿತು. ಟೈಲರು ತಲೆ ಕೆರೆದುಕೊಂಡು, "ಉಪ್ಪು ಸ್ವಲ್ಪ ಬಿಗಿ ಆಯ್ತೇನೋ" ಎನ್ನುವರು. "ಹಂಗಂದ್ರೆ ಹೆಚ್ಚೋ ಕಮ್ಮಿಯೋ? ಅಂಗಿ ಅಳತೆ ಬಿಟ್ಟು ಹೇಳಯ್ಯಾ!" ಎಂದು ದೊಡ್ಡಮ್ಮ ರೇಗುವರು. ಬೇಳೆ ಬೆಂದಿದೆಯೋ ಇಲ್ಲವೋ ಎಂಬುದು ಅಜ್ಜನ ಕಟ್ಟಿಸಿದ ಹಲ್ಲಿನ ತೀರ್ಪು. ಉಪ್ಪಿನ ವಿಷಯದಲ್ಲಿ ಮಾತ್ರ ಎಲ್ಲರೂ ನನ್ನ ಮುಖ ನೋಡುವರು. ನನ್ನ ಅನುಮಾನಕ್ಕೆ ಮನೆಯಲ್ಲಿ ಸಿಗದ ಮರ್ಯಾದೆ ಆ ಮೆಟ್ಟಿಲ ಮೇಲೆ ಸಿಕ್ಕಿತು. ನಾನು ತಲೆಯಾಡಿಸಿದ ಮೇಲೆಯೇ ಟಣ್ ಟಣ್.

ಹೊಸಬರು ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದರು. ಒಬ್ಬಾತ ಉಪ್ಪು ಕೇಳಿದಾಗ ದೊಡ್ಡಮ್ಮ ಕಿಟಕಿಯಿಂದ ತಲೆ ಹಾಕುವ ಮೊದಲೇ ಅಜ್ಜ ಗದರಿದರು. "ಮೊದಲು ತಿಂದು ನೋಡ್ರೀ!"

ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾವೆಲ್ಲ ಮೆಟ್ಟಿಲ ಮೇಲಿದ್ದೆವು. ನಾನು ರುಚಿ ನೋಡುವಾಗ ಮಗಳು ಎಂದಿನಂತೆ ದೊಡ್ಡಮ್ಮನ ಸೊಂಟದ ಮೇಲೆ. ಅವಳನ್ನು ಆಡಿಸುತ್ತಿದ್ದ ದೊಡ್ಡಮ್ಮ ತಟ್ಟನೆ ನಿಂತರು. ಮೂಗು ಸೊಟ್ಟ ಮಾಡಿದರು. ಮತ್ತೊಮ್ಮೆ ಮಗುವಿನ ಕಡೆ ಬಗ್ಗಿ, ಉಸಿರೆಳೆದು, ಮುಖ ಹಿಂಡಿ ಹಿಂದೆ ಸರಿದರು.

"ಏ, ಇವಳು ಏನೋ ಮಾಡಿದ್ದಾಳೆ ಕಣೇ! ಥೂ, ಏನು ನಾತ!"

ನರ್ಸಕ್ಕ ಬಟ್ಟಲು ಕೆಳಗಿಟ್ಟು ಎದ್ದೇಬಿಟ್ಟರು. "ದೊಡ್ಡಮ್ಮಾ, ನಿಮಗೆ ವಾಸನೆ ಬಂತು!"

ದೊಡ್ಡಮ್ಮ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ನನಗೆ ನೋಡಲಾಗದಷ್ಟು ಸುಖವಾಗಿ ಮತ್ತೊಂದು ಸಲ ಮೂಸಿದರು. ಟೈಲರು ಚಪ್ಪಾಳೆ ತಟ್ಟಿದರು. "ಭೇಷ್ ಕಡ್ಡಿ!" ಎಂದು ಅಜ್ಜ ಕೂಗಿದರು. ನನಗೆ ಸಿಟ್ಟೇ ಬರಲಿಲ್ಲ.

"ಹಾಗಾದ್ರೆ ನಮ್ಮ ಕೆಲಸ ಹೋಯ್ತು," ಎಂದರು ಟೈಲರು, ಸ್ವಲ್ಪ ಬೇಜಾರಿನಲ್ಲೇ.

"ಬಂದಿರೋದು ಮೂಗು. ನಾಲಿಗೆ ಇನ್ನೂ ದಾರೀಲಿದೆ. ಅದು ಬಂದ ಮೇಲೂ ಯಾರು ನಿಮ್ಮನ್ನ ಬಿಡ್ತಾರೆ? ಕೂತ್ಕೊಳ್ಳಯ್ಯಾ." ದೊಡ್ಡಮ್ಮ ಮಗುವನ್ನು ನನ್ನ ತೋಳಿಗೆ ಹಾಕಿ, ಒಳಗಿನ ಹಂಡೆಯಿಂದ ಸೌಟು ತುಂಬಿಕೊಂಡು ಬಂದರು. ಕಣ್ಣು ಮುಚ್ಚಿ, ಹಬೆಯ ಮೇಲೆ ಮುಖವಿಟ್ಟು ತುಂಬ ಹೊತ್ತು ನಿಂತರು. ಆಮೇಲೆ ಕುಡಿಯದೆ ಸೌಟನ್ನು ನನ್ನ ಕಡೆ ಚಾಚಿದರು.

"ಮೊದಲು ಅದರ ಬಟ್ಟೆ ಬದಲಾಯಿಸು. ಆಮೇಲೆ ಕೈ ತೊಳ್ಕೊಂಡು ಬಂದು ಇದನ್ನ ನೋಡು. ಜನ ಕಾಯ್ತಿದ್ದಾರೆ."